ಬತ್ತೆ ಅಂದ ತಪ್ಪಿಗೆ

ನಮ್ಮ ಬಾರಿಗೆ ಬರುತ್ತಿದ್ದ ಗಿರಾಕಿಗಳು ಬೈಕು ನಿಲ್ಲಿಸಿದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸ ನಂಬರ್ ಪ್ಲೇಟಿನ ಮೇಲೆ ಗೋಣಿಚೀಲ ಹೊದಿಸುವುದು. ಆ ಗೋಣಿಚೀಲಗಳನ್ನು ಹಿಂದಿನ ಗೇಟಿನ ಹತ್ತಿರ ಮಾಲೀಕನೇ ಮಡಚಿ ಇಡಿಸಿದ್ದ. ಬೇರೆ ಹೋಟೆಲುಗಳಲ್ಲಿ ಬಾಗಿಲ ಹತ್ತಿರ ಸೋಂಪು ಇಡುತ್ತಾರೆ, ನಮ್ಮಲ್ಲಿ ಗೋಣಿಚೀಲ. ಮೊದಲ ದಿನ ಅದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ನಾನೂ ಬಸ್ಸಿಳಿದು ಬರುವಾಗ ಮುಖಕ್ಕೆ ಮಾಸ್ಕು, ಅದರ ಮೇಲೆ ವೇಲು, ಸಾಲದೆಂದು ಕೊಡೆ ಅಡ್ಡ ಹಿಡಿದು ಬಂದಿದ್ದೆನಲ್ಲ ಎಂದು ನೆನಪಾಗಿ ನಗು ಅಲ್ಲಿಗೇ ನಿಂತಿತು.

ಹೊನ್ನಾವರ ದಾಟಿ ಭಟ್ಕಳದ ಕಡೆ ಹೋಗುವ ಹೆದ್ದಾರಿಯ ಪಕ್ಕದಲ್ಲಿತ್ತು ಅದು. ಬೋರ್ಡಿನ ಮೇಲೆ ‘ಲೈವ್ ಆರ್ಕೆಸ್ಟ್ರಾ’ ಎಂದು ಬರೆದಿತ್ತು. ಊರು ಮಾತ್ರ ಅದನ್ನು ಕರೆಯುತ್ತಿದ್ದುದು ಬಟ್ಟೆ ಬಿಚ್ಚುವ ಕ್ಲಬ್ಬು ಎಂದು. ಥೂ, ಎಂಥ ಕ್ಲಬ್ಬು! ಬಿಚ್ಚುವುದು ಹಾಗಿರಲಿ, ನನ್ನ ಲೆಹಂಗಾ ಎಲ್ಲಿ ಜಾರೀತೋ ಎಂದು ನಾನು ಸೊಂಟದ ಸುತ್ತ ಪಿನ್ನು ಚುಚ್ಚಿಕೊಂಡು ಕುಣಿಯುತ್ತಿದ್ದೆ. ಒಬ್ಬ ಕೀಬೋರ್ಡಿನವನು, ಬಣ್ಣದ ದೀಪ, ಹಳೆಯ ಸಿನೆಮಾ ಹಾಡು, ಒಂದು ಗೇಣು ಎತ್ತರದ ವೇದಿಕೆ, ಇಷ್ಟೇ. ಏನೇನೋ ಕೇಳಿಕೊಂಡು ಬಂದ ಹುಡುಗರು ಒಂದು ಬಿಯರು ಮುಗಿಯುವವರೆಗೆ ಕಾದು ಕೂತು ಇದೇನಾ ಅಂದು ಎದ್ದು ಹೋಗುತ್ತಿದ್ದರು. ಏನೂ ಇಲ್ಲವೆಂದು ಗೊತ್ತಿದ್ದವರು ಹೆಂಡತಿಯ ಕಡೆಯವರು ಯಾರಾದರೂ ನೋಡಿಬಿಟ್ಟರೆ ಎಂದು ಬರುತ್ತಿರಲಿಲ್ಲ. ಹೀಗೆ ಎರಡೂ ಕಡೆಯಿಂದ ಗಿರಾಕಿ ಹೋದರು.

ಮಾಲೀಕ ಕೆಟ್ಟವನಲ್ಲ. ಹೆದ್ದಾರಿ ಅಗಲ ಮಾಡುವಾಗ ಮಣ್ಣು, ಜಲ್ಲಿ ಸಾಗಿಸಿ ಮೇಲೆ ಬಂದವನು. ಅವನಿಗೆ ಒಂದು ಲೆಕ್ಕಾಚಾರ ತಲೆಗೆ ಹತ್ತಿಬಿಟ್ಟಿತ್ತು. “ನಮ್ ಜನ ಗೋವಾಕ್ಕೆ ಓಡ್ತಾರೆ ತಂಗೀ. ಪೆಟ್ರೋಲು ಸುಟ್ಕಂಡು, ಲಾಡ್ಜಲ್ಲಿ ಉಳ್ಕಂಡು ಕುಣಿತ ನೋಡ್ತಾರೆ. ಅದನ್ನೇ ಮನೆಬಾಗಿಲಲ್ಲಿ ಕೊಟ್ರೆ ಬರೂದಿಲ್ವಾ?” ಎಂದು ನನ್ನನ್ನು ಕರೆಸಿಕೊಂಡ ದಿನ ಕೇಳಿದ್ದ. ಹೌದಲ್ಲ ಎಂದು ನಾನೂ ತಲೆಯಾಡಿಸಿದೆ. ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಗೋವಾಕ್ಕೆ ಹೋಗುವವರು ಕುಣಿತ ನೋಡುವುದಕ್ಕೆ ಅಷ್ಟು ದೂರ ಹೋಗುತ್ತಿರಲಿಲ್ಲ. ತಮ್ಮನ್ನು ಯಾರೂ ನೋಡದಿರಲಿ ಎಂದು ಹೋಗುತ್ತಿದ್ದರು. ಮನೆಬಾಗಿಲಲ್ಲಿ ಕೊಟ್ಟರೆ ಮನೆಯವರೆಲ್ಲ ನೋಡುವುದಿಲ್ಲವೇ?

ನಾನೂ ಅದೇ ಕಾರಣಕ್ಕೆ ಮುಂಬೈ ಹತ್ತಿರದ ಪನ್ವೇಲಿಗೆ ಹೋಗಿದ್ದವಳು. ಅಲ್ಲಿಯ ಬಾರುಗಳಲ್ಲಿ ಹಲವು ವರ್ಷ ಕುಣಿದೆ. ಇದನ್ನು ತಪ್ಪೊಪ್ಪಿಗೆ ಎಂದು ಯಾರೂ ಓದಬೇಡಿ, ನಾನು ಯಾರ ಕ್ಷಮೆಯನ್ನೂ ಕೇಳುತ್ತಿಲ್ಲ. ಮೈ ಬಗ್ಗಿಸಿ ದುಡಿದೆ, ಮನೆಗೆ ಹೆಂಚು ಹೊದಿಸಿದೆ. ಅಲ್ಲಿ ನನಗೆ ಹೆದರಿಕೆಯೇ ಇರಲಿಲ್ಲ. ರಸ್ತೆಯಲ್ಲಿ ಮುಖ ತೆರೆದುಕೊಂಡು ವಡಾಪಾವ್ ತಿನ್ನುತ್ತ ನಡೆಯುತ್ತಿದ್ದೆ. ನೀನು ಯಾರ ಮಗಳು ಎಂದು ಕೇಳುವ ಒಬ್ಬ ಮನುಷ್ಯ ಆ ಊರಲ್ಲಿ ಇರಲಿಲ್ಲ. ನಾನಿದ್ದ ಬಾರು ಮುಚ್ಚಿದಾಗ, ವಯಸ್ಸೂ ಆಗುತ್ತಿದೆ, ಹೆತ್ತ ಆಯಿಯ ಹತ್ತಿರವಾದರೂ ಇರೋಣ ಎಂದುಕೊಂಡು ಈ ಹೊಸ ಬಾರಿಗೆ ಒಪ್ಪಿದೆ. ಹತ್ತಿರ ಬಂದ ಮೇಲೆ ಹೆದರಿಕೆ ಎಂದರೆ ಏನೆಂದು ಗೊತ್ತಾಯಿತು.

ಮಾಲೀಕ ಮೊದಲ ದಿನವೇ ನಿಯಮ ಹಾಕಿದ್ದ. “ನೀ ಮುಂಬೈ ಹುಡ್ಗಿ. ಹಿಂದಿ ಬಿಟ್ರೆ ಬೇರೆ ಎಂತದೂ ಬರೂದಿಲ್ಲ ನಿಂಗೆ. ಬಾಯಲ್ಲಿ ಒಂದು ಕನ್ನಡ ಬಂತೋ, ಗಿರಾಕಿ ಓಡ್ತಾನೆ. ತಿಳೀತಾ?” ಎಂದಿದ್ದ. ನನಗೆ ಅದು ಗಿರಾಕಿಗಿಂತ ನನ್ನ ಒಳ್ಳೆಯದಕ್ಕೇ ಎಂದು ಕಂಡಿತು. ಸಂಜೆ ಹಿಂದಿನ ಗೇಟು ದಾಟಿದರೆ ಕನ್ನಡ ಹೊರಗೆ ಉಳಿಯುತ್ತಿತ್ತು. ಬಡಿಸುವವನು ಕಾಲು ತುಳಿದರೂ ಹಿಂದಿಯಲ್ಲೇ ಬಯ್ಯುತ್ತಿದ್ದೆ.

ಇನ್ನೂ ಹುಡುಗಿಯರು ಬೇಕು ಎಂದು ಮಾಲೀಕ ಗಂಟುಬಿದ್ದ. ಪನ್ವೇಲಿನಲ್ಲಿ ನನ್ನ ಜೊತೆ ಕುಣಿಯುತ್ತಿದ್ದ, ಬಂಗಾಳದ ಕಡೆಯವಳಾದ ಒಬ್ಬಳಿದ್ದಳು. ನಾನು ದೀದಿ ಎನ್ನುತ್ತಿದ್ದೆ. ಅವಳಿಗೆ ಫೋನು ಮಾಡಿದೆ. ಅವಳು ಒಂದರ ಮೇಲೊಂದು ಪ್ರಶ್ನೆ ಕೇಳಿದಳು. ಖಾಯಂ ಗಿರಾಕಿ ಯಾರಿದ್ದಾರೆ? ಪಕ್ಕದಲ್ಲಿ ಬೇರೆ ಬಾರು ಇದೆಯೇ, ಇದು ಸರಿಹೋಗದಿದ್ದರೆ ಅಲ್ಲಿಗೆ ಹೋಗಲು? ಮೊದಲೇ ಬಂದ ಹುಡುಗಿಯರು ಏನನ್ನುತ್ತಾರೆ? ಮೊದಲು ಬಂದವಳು ನಾನೇ ಅಂದೆ. ಹಾಗಾದರೆ ನೀನೇ ಇರು ಎಂದು ನಕ್ಕಳು. ಹುಡುಗಿಯರಿಲ್ಲದೆ ಗಿರಾಕಿ ಬರುವುದಿಲ್ಲ, ಗಿರಾಕಿ ಇಲ್ಲದೆ ಹುಡುಗಿಯರು ಬರುವುದಿಲ್ಲ. ಹೊಸ ಬಾರಿನ ಕರ್ಮ ಅದು.

ಕೊನೆಗೆ ಹಳೆಯ ಸ್ನೇಹಕ್ಕೆ ಕಟ್ಟುಬಿದ್ದು ದೀದಿ ಬಂದಳು, ಮಳೆ ಶುರುವಾಗುವ ಮೊದಲೇ ಹೊರಟೂ ಹೋದಳು. ಅವಳನ್ನು ಓಡಿಸಿದ್ದು ಪೊಲೀಸರಲ್ಲ, ಪುಂಡರಲ್ಲ. ಹೊನ್ನಾವರದ ಪೇಟೆಯಲ್ಲಿ ಸೋಪು ಕೊಳ್ಳಲು ಹೋದರೆ ಅಂಗಡಿಯವನು ಕೇಳುತ್ತಿದ್ದ: ಯಾರ ಮನೆಗೆ ಬಂದದ್ದು? ಮೀನು ಮಾರುವವಳು ಕೇಳುತ್ತಿದ್ದಳು: ಯಾರ ಮನೆಗೆ? ಬಸ್ಸಿನಲ್ಲಿ ಪಕ್ಕ ಕೂತ ಮುದುಕಿ ಅರ್ಧಂಬರ್ಧ ಹಿಂದಿಯಲ್ಲಿ, ಕೊಂಕಣಿಯಲ್ಲಿ, ಕೈಸನ್ನೆಯಲ್ಲಿ ಅದನ್ನೇ ಕೇಳುತ್ತಿದ್ದಳು. ಪ್ರೀತಿಯಿಂದಲೇ ಕೇಳುವುದು, ನಮ್ಮ ಕಡೆ ಎಲ್ಲರೂ ಕೇಳುವ ಮಾತು ಅದು. ದೀದಿಗೆ ಉತ್ತರ ಹೇಳಲು ಒಂದು ಮನೆ ಇರಲಿಲ್ಲ. “ಪೊಲೀಸರಿಗೆ ನಾನು ಹೆದರಿದವಳಲ್ಲ, ನಿಮ್ಮ ಊರಿನ ಅಜ್ಜಿಯರಿಗೆ ಹೆದರುತ್ತೇನೆ,” ಎಂದು ಹಿಂದಿಯಲ್ಲಿ ಅಂದು ರೈಲು ಹತ್ತಿದಳು. ನನಗೂ ಅವಳ ಹಿಂದೆ ಹತ್ತಿಬಿಡಬೇಕು ಅನ್ನಿಸಿತ್ತು. ಹತ್ತಲಿಲ್ಲ.

ಹತ್ತದಿದ್ದುದಕ್ಕೆ ಕಾರಣ ಆಯಿ. ಮಿರ್ಜಾನದ ಹತ್ತಿರ ನಮ್ಮ ಮನೆ. ಆಯಿ ಮತ್ತು ಚಿಕ್ಕಮ್ಮ ಒಟ್ಟಿಗೆ ಇದ್ದಾರೆ, ಬಸಳೆ, ಹರಿವೆ, ಸೌತೆ ಬೆಳೆದು ಕುಮಟೆಯ ಪೇಟೆಗೆ ಒಯ್ಯುತ್ತಾರೆ. ಆದರೆ ಆಯಿಯನ್ನು ಸುತ್ತಲಿನ ಊರುಗಳಲ್ಲಿ ಯಾರೂ ಬಸಳೆ ಮಾರುವವಳು ಎಂದು ಗುರುತಿಸುವುದಿಲ್ಲ. ಹಾಡು ಹೇಳುವವಳು ಎನ್ನುತ್ತಾರೆ. ಮದುವೆಮನೆಯಲ್ಲಿ ಅರಿಸಿನ ಹಚ್ಚುವುದಕ್ಕೆ, ನೀರು ಮೀಯಿಸುವುದಕ್ಕೆ, ಗಂಡಿನ ಕಡೆಯವರನ್ನು ಗೇಲಿ ಮಾಡುವುದಕ್ಕೆ, ಹೆಣ್ಣನ್ನು ಒಪ್ಪಿಸುವುದಕ್ಕೆ, ಒಂದೊಂದಕ್ಕೂ ಬೇರೆ ಬೇರೆ ಹಾಡಿದೆ. ಅವೆಲ್ಲ ಆಯಿಯ ಬಾಯಲ್ಲಿವೆ. ಮದುವೆ ಗೊತ್ತಾದ ಮನೆಯವರು ವೀಳ್ಯ ಹಿಡಿದು ನಮ್ಮ ಬಾಗಿಲಿಗೆ ಬರುತ್ತಾರೆ. ಆ ವೀಳ್ಯ ತೆಗೆದುಕೊಳ್ಳುವಾಗ ಆಯಿಯ ಮುಖ ನೋಡಬೇಕು! ಅಪ್ಪ ಹೋದ ಮೇಲೆ ಆಯಿಯನ್ನು ನೆಟ್ಟಗೆ ನಿಲ್ಲಿಸಿದ್ದು ನಾನು ಹೊದಿಸಿದ ಹೆಂಚಲ್ಲ, ಆ ವೀಳ್ಯ.

ಆ ವೀಳ್ಯ ತಪ್ಪುವುದು ಹೇಗೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಆಯಿಯ ಗುಂಪಿನಲ್ಲೇ ಹಾಡುತ್ತಿದ್ದ ಒಬ್ಬಳ ಮಗಳ ಬಗ್ಗೆ ಏನೋ ಮಾತು ಬಂತು. ನಿಜವೋ ಸುಳ್ಳೋ ಯಾರೂ ಕೇಳಲಿಲ್ಲ, ಜಗಳವಾಡಲಿಲ್ಲ, ಬಯ್ಯಲಿಲ್ಲ. ಮುಂದಿನ ಮದುವೆಗೆ ವೀಳ್ಯ ಹಿಡಿದವರು ಅವಳ ಅಂಗಳದಲ್ಲೇ ಹಾದು ಪಕ್ಕದ ಮನೆಗೆ ಹೋದರು. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಾರಿನಲ್ಲಿ ದೀಪ ಹತ್ತಿದಾಗಲೆಲ್ಲ ನನಗೆ ಅದೇ ಬಾಗಿಲು ಕಣ್ಣಮುಂದೆ ಬರುತ್ತಿತ್ತು, ನಿಂತವಳ ಜಾಗದಲ್ಲಿ ಆಯಿ ಇರುತ್ತಿದ್ದಳು.

ಭಟ್ಕಳದಲ್ಲಿ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಎಂದು ಮನೆಯಲ್ಲಿ ಹೇಳಿದ್ದೆ. ರಜೆಯ ದಿನ ಊರಿಗೆ ಹೋದರೆ ಆಯಿ ಸಂತೆಗುಳಿಯಿಂದ ಹಿರೇಗುತ್ತಿಯವರೆಗೆ ಡಂಗುರ ಸಾರಿಟ್ಟಿರುತ್ತಿದ್ದಳು. “ನನ್ ಮಗಳು ಪಾರ್ಲರಲ್ಲಿ ಕೆಲಸ ಮಾಡ್ತದೆ. ಮುಖ ಅಂದ್ರೆ ಕನ್ನಡಿ ಹಂಗೆ ಮಾಡಿಕೊಡ್ತದೆ.” ಅಕ್ಕಪಕ್ಕದ ಹುಡುಗಿಯರು ಹುಬ್ಬು ತೀಡಿಸಿಕೊಳ್ಳಲು ಸಾಲುಗಟ್ಟುತ್ತಿದ್ದರು. ಅಯ್ಯೋ ದೇವರೇ, ನಾನು ಯಾವ ಪಾರ್ಲರಿನ ಮೆಟ್ಟಿಲು ಹತ್ತಿದವಳು? ಬಾರಿನ ಕನ್ನಡಿಯ ಮುಂದೆ ಕಲಿತ ಮೇಕಪ್ಪನ್ನೇ ಸ್ವಲ್ಪ ತೆಳ್ಳಗೆ ಮಾಡಿ ಹಚ್ಚುತ್ತಿದ್ದೆ. ಚೆನ್ನಾಗಿಯೇ ಆಗುತ್ತಿತ್ತು. ಸಂಜೆಯ ಬಸ್ಸಿಗೆ ಹೊರಡುವಾಗ ಬಾಗಿಲಲ್ಲಿ ನಿಂತು “ಬತ್ತೆ ಆಯಿ” ಎಂದರೆ, ಒಳಗಿನಿಂದಲೋ ಬಸಳೆ ಚಪ್ಪರದ ಅಡಿಯಿಂದಲೋ “ಹೂಂ, ಬಾ ಮಗಾ” ಎಂದು ಆಯಿಯ ದೊಡ್ಡ ದನಿ ಕೇಳುತ್ತಿತ್ತು.

ನಮ್ಮ ಕಡೆ ಯಾರ ಮನೆಯಿಂದ ಎದ್ದರೂ ಹೋಗುತ್ತೇನೆ ಎನ್ನುವ ಪದ್ಧತಿಯಿಲ್ಲ. ‘ಬತ್ತೆ’ ಎನ್ನಬೇಕು, ಮತ್ತೆ ಬರುತ್ತೇನೆ ಎಂದು. ಕೇಳಿದವರು ‘ಬಾ’ ಎನ್ನಬೇಕು. ಎದ್ದವರ ಬಾಯಲ್ಲಿ ‘ಹೋತೆ’ ಎಂಬ ಮಾತು ಬಂದರೆ ಅವರು ಇನ್ನು ಆ ಹೊಸಿಲು ತುಳಿಯುವವರಲ್ಲ ಎಂದೇ ಅರ್ಥ. ಮಾತು ಕಲಿಯುವ ಮಗುವಿಗೂ ಇದು ಗೊತ್ತು. ನಿದ್ದೆಯಲ್ಲಿ ಎಬ್ಬಿಸಿದರೂ ನಮ್ಮವರ ಬಾಯಲ್ಲಿ ‘ಬತ್ತೆ’ಗೆ ‘ಬಾ’ ಎಂದೇ ಬರುತ್ತದೆ.

ಇನ್ನು ಅವನ ವಿಷಯ. ಬಾರಿಗೆ ಬರುತ್ತಿದ್ದ ಬೆರಳೆಣಿಕೆಯ ಖಾಯಂ ಗಿರಾಕಿಗಳಲ್ಲಿ ಒಬ್ಬನಿದ್ದ. ಅವನನ್ನು ನಾನು ಮನಸ್ಸಿನಲ್ಲೇ ಹೆಲ್ಮೆಟ್ ಎಂದು ಕರೆಯುತ್ತಿದ್ದೆ. ಯಾಕೆಂದರೆ ಅವನು ಹೆಲ್ಮೆಟ್ ಹಾಕಿಕೊಂಡೇ ಒಳಗೆ ಬರುತ್ತಿದ್ದ. ಕಂಬದ ಹಿಂದಿನ ಮೇಜಿಗೆ ಹೋಗಿ ಕೂತು, ದೀಪ ಸಣ್ಣದಾದ ಮೇಲೇ ಅದನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದ. ನೀಲಿ ಹೆಲ್ಮೆಟ್, ಹಿಂದೆ ಒಡಕು ಬಿಟ್ಟಲ್ಲಿ ಬಿಳಿ ಟೇಪು ಮೆತ್ತಿದ್ದು. ಬಾಗಿಲು ಕಿರ್ ಎಂದರೆ ಸಾಕು, ಮತ್ತೆ ತಲೆಗೆ ಏರುತ್ತಿತ್ತು. ಒಮ್ಮೆ ಹೆಲ್ಮೆಟ್ ಏರಿಸಿಕೊಂಡೇ ಗ್ಲಾಸು ಎತ್ತಲು ಹೋಗಿ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡ. ನನಗೆ ಅವನ ಮೇಲೆ ಸಿಟ್ಟಿರಲಿಲ್ಲ. ಕೈ ಮುಟ್ಟಲು ಬರುತ್ತಿರಲಿಲ್ಲ, ಕೂಗುತ್ತಿರಲಿಲ್ಲ, ಹಳೆಯ ಹಾಡು ಬಾರಿಸಿದರೆ ಸುಮ್ಮನೆ ಬೆರಳಿಂದ ಮೇಜು ತಟ್ಟುತ್ತಿದ್ದ. ನನ್ನಷ್ಟೇ ಹೆದರಿಕೊಂಡು ಬದುಕುವ ಜೀವ ಎಂದು ಒಳಗೊಳಗೇ ಪಾಪ ಅನ್ನಿಸುತ್ತಿತ್ತು.

ಮಳೆಗಾಲದ ಒಂದು ಸಂಜೆ. ಹೊರಗೆ ಧಾರಾಕಾರ ಸುರಿಯುತ್ತಿತ್ತು. ಒಳಗೆ ನಾಲ್ಕಾರು ಜನ, ಅವರಲ್ಲಿ ಅವನೂ ಇದ್ದ. ಕರೆಂಟು ಹೋಯಿತು. ಜನರೇಟರು ಕೆಮ್ಮಿ ಕೆಮ್ಮಿ ಸುಮ್ಮನಾಯಿತು. ಈ ದಿನ ಸಾಕು ಎಂದು ಮಾಲೀಕ ಹಿಂದಿನಿಂದ ಕೂಗಿದ. ಕೀಬೋರ್ಡಿನವನು ಮೊಬೈಲಿನ ಬೆಳಕು ಹಿಡಿದ, ನಾನು ವೇದಿಕೆಯಿಂದ ಇಳಿದೆ. ಹಿಂದಿನ ಬಾಗಿಲಿಗೆ ಹೋಗಲು ಕಂಬದ ಪಕ್ಕದಲ್ಲೇ ಹಾದು ಹೋಗಬೇಕು. ಕತ್ತಲು, ಮಳೆಯ ಸದ್ದು, ಕುಣಿದು ದಣಿದ ಮೈ. ಮರುದಿನ ರಜೆ, ಬೆಳಿಗ್ಗೆ ಮನೆಗೆ ಹೋಗುವುದೆಂದು ನನ್ನ ಮನಸ್ಸು ಆಗಲೇ ಆಯಿಯ ಅಂಗಳದಲ್ಲಿತ್ತು. ಒಂದು ಮನೆಯಲ್ಲಿ ನಾಲ್ಕು ಜನ ಕೂತಿದ್ದಾರೆ, ನಾನು ಎದ್ದು ಹೊರಟಿದ್ದೇನೆ, ಅಷ್ಟೇ ಮೈಗೆ ತಿಳಿದದ್ದು. ಬಾಯಿ ತನ್ನಷ್ಟಕ್ಕೇ ಆಡಿತು.

“ಹಂಗಾರೆ ಬತ್ತೆ.”

“ಹೂಂ, ಬಾ,” ಎಂದಿತು ಕಂಬದ ಹಿಂದಿನ ದನಿ.

ನಾನು ಇಟ್ಟ ಹೆಜ್ಜೆಯಲ್ಲೇ ನಿಂತೆ. ಆಡಿದ್ದನ್ನು ಹಿಡಿದು ಮತ್ತೆ ಬಾಯೊಳಗೆ ತುರುಕಲು ಬರುವಂತಿದ್ದರೆ! ಅವನೂ ಹಾಗೇ ಕಲ್ಲಾಗಿ ಕೂತಿದ್ದ. ಮೊಬೈಲಿನ ಬೆಳಕು ಅತ್ತ ಹೊರಳಿದಾಗ ಒಂದು ಗಳಿಗೆ ಅವನ ಮುಖ ಕಂಡಿತು. ನೆರೆತ ಮೀಸೆ, ಬಾಯಿ ಅರ್ಧ ತೆರೆದಿತ್ತು. ಅವನ ಕಣ್ಣಲ್ಲಿ ಇದ್ದುದು ನನ್ನ ಎದೆಯಲ್ಲಿ ಇದ್ದುದೇ. ಮರುಕ್ಷಣ ಹೆಲ್ಮೆಟ್ ತಲೆಗೆ ಏರಿತು. ಅವನು ಮಳೆಯಲ್ಲೇ ಓಡಿದ. ನಂಬರ್ ಪ್ಲೇಟಿನ ಮೇಲಿನ ಗೋಣಿಚೀಲ ತೆಗೆಯುವುದನ್ನೂ ಮರೆತು ಹಾಗೇ ಹೆದ್ದಾರಿಗೆ ಇಳಿದ ಎಂದು ಆಮೇಲೆ ಕೀಬೋರ್ಡಿನವನು ನಗುತ್ತ ಹೇಳಿದ. ನನಗೆ ನಗಲಾಗಲಿಲ್ಲ.

ಮರುದಿನ ಊರಿಗೆ ಹೋಗುವಾಗ ಬಸ್ಸಿನಲ್ಲಿ ನೆರೆತ ಮೀಸೆಯವರನ್ನೆಲ್ಲ ನೋಡಿ ತಲೆ ತಗ್ಗಿಸಿದೆ. ನಮ್ಮ ಸೀಮೆಯಲ್ಲಿ ನೆರೆತ ಮೀಸೆಯವರು ಏನು ಕಡಿಮೆಯೇ? ಕಂಡಕ್ಟರ್ “ಎಲ್ಲಿಗೆ?” ಎಂದರೆ ವೇಲನ್ನು ಮೂಗಿನ ತನಕ ಎಳೆದುಕೊಂಡೆ. ಮನೆಯಲ್ಲಿ ಆಯಿ “ಎಂತ ಆತು ಮಗಾ, ಮುಖ ಹಿಂಗೆ ಬಾಡಿ ಹೋಗ್ಯದೆ?” ಎಂದು ಹಣೆ ಮುಟ್ಟಿ ನೋಡಿದಳು. ಕೆಲಸ ಹೆಚ್ಚು ಎಂದೆ. ಆವತ್ತು ವೀಳ್ಯ ತಂದವರು ಯಾರೋ ಅಂಗಳಕ್ಕೆ ಕಾಲಿಟ್ಟಾಗ, ಇವರು ಮುಂದಿನ ಮನೆಗೆ ಹೋಗಿಬಿಡುತ್ತಾರೆ ಎಂದು ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಹೋಗಲಿಲ್ಲ, ನಮ್ಮ ಮನೆಗೇ ಬಂದರು. ಆಯಿ ಸೆರಗು ಒಡ್ಡಿ ವೀಳ್ಯ ತೆಗೆದುಕೊಂಡಳು.

ನನ್ನ ಬಗ್ಗೆ ಮಾತು ಬರಲಿಲ್ಲ. ವಿಚಿತ್ರವೆಂದರೆ ಬಾರಿನ ಬಗ್ಗೆ ಬಂತು. ಅಲ್ಲಿ ನಮ್ಮ ಕಡೆಯ ಹುಡುಗಿ ಇದೆಯಂತೆ, ಎಂಬುದಷ್ಟೇ ಸುದ್ದಿ. ಯಾರು ಹೇಳಿದ್ದು ಎಂದರೆ ಯಾರೋ ಹೇಳಿದರು. ಯಾವ ಊರು ಎಂದರೆ ಗೊತ್ತಿಲ್ಲ, ಕುಮಟೆ ಕಡೆ ಇರಬೇಕು. ನಾನೇ ನೋಡಿದೆ ಎಂದು ಹೇಳುವ ಹಾಗಿಲ್ಲವಲ್ಲ, ಹೇಳಿದರೆ ನೀನು ಅಲ್ಲಿಗೆ ಯಾಕೆ ಹೋಗಿದ್ದೆ ಎಂದು ಕೇಳುತ್ತಾರೆ. ಹಾಗೆ ಹೆಸರಿಲ್ಲದೆ, ಮುಖವಿಲ್ಲದೆ ಸುದ್ದಿ ಹಬ್ಬಿತು. ನನ್ನನ್ನು ನೋಡಲು ಜನ ನುಗ್ಗುತ್ತಾರೆ ಎಂದು ನಾನು ನಡುಗುತ್ತಿದ್ದೆ. ಬಂದವರೇ ಇಲ್ಲ! ಮುಂಬೈ ಹುಡುಗಿಯ ಎದುರು ಕೂರಬಹುದು. ಊರ ಹುಡುಗಿ ನಾಳೆ ಪೇಟೆಯಲ್ಲಿ ಎದುರು ಸಿಕ್ಕಿ, ಹೆಂಡತಿಯ ಮುಂದೆ ನಕ್ಕುಬಿಟ್ಟರೆ? ನಾನು ಅವರಿಗೆ ಹೆದರುತ್ತಿದ್ದೆ, ಅವರು ನನಗೆ ಹೆದರಿ ಮನೆಯಲ್ಲಿ ಕೂತರು.

ಮಾಲೀಕನಿಗೆ ಇದು ಅರ್ಥವೇ ಆಗಲಿಲ್ಲ. ಹೊಸ ದೀಪ ತಂದ, ಎ.ಸಿ. ಹಾಕಿಸಿದ, ವಾಸ್ತು ಸರಿಯಿಲ್ಲವೆಂದು ಬಾಗಿಲು ಮುರಿದು ಬೇರೆ ಕಡೆ ಇಡಿಸಿದ. ಖಾಲಿ ಕುರ್ಚಿಗಳ ಮುಂದೆ ನಾನು ಕುಣಿದೆ. ಒಂದು ದಿನ ಅವನೇ ಬಂದು ಎದುರು ಕೂತು “ಸಾಕು ತಂಗೀ, ಕಾಲು ನೋಯ್ತದೆ ನಿಂಗೆ. ನಮ್ ಜನಕ್ಕೆ ಎಂತ ಬೇಕು ಅಂತ ನಂಗೆ ಇನ್ನೂ ತಿಳೀಲಿಲ್ಲ” ಎಂದ. ನನ್ನ ಬಾಯಿಂದ ಬಂದ ಒಂದು ಮಾತಿಗೆ ಅವನ ಬಾರು ಮುಳುಗಿತು ಎಂದು ನಾನು ಅವನಿಗೆ ಹೇಳಲಿಲ್ಲ. ಈಗ ಅಲ್ಲಿ ಮೀನೂಟದ ಹೋಟೆಲು ಇದೆ. ಸಂಸಾರ ಸಮೇತ ಬಂದವರು ಕಾರನ್ನು ಮುಂದೆಯೇ ನಿಲ್ಲಿಸಿ ಬಂಗುಡೆ ತಿನ್ನುತ್ತಾರೆ.

ನಾನು ಕುಮಟೆಯಲ್ಲಿ ನಿಜವಾಗಿಯೇ ಒಂದು ಪಾರ್ಲರಿಗೆ ಸೇರಿ ಅಲ್ಲೇ ಕೋಣೆ ಹಿಡಿದೆ. ಮದುಮಗಳ ಅಲಂಕಾರಕ್ಕೆ ನನ್ನನ್ನು ಹುಡುಕಿಕೊಂಡು ಬರತೊಡಗಿದರು. ಹೇಳಿದ ಸುಳ್ಳೇ ನಿಜವಾಗಿಬಿಟ್ಟಿತಲ್ಲ, ಇನ್ನೇನು ಹೆದರಿಕೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೆದರಿಕೆಗೆ ಅದು ಕೇಳಿಸಲಿಲ್ಲ. ಬೈಕಿನ ಸದ್ದು ನಿಂತರೆ ಸಾಕು, ಬಾಚಣಿಗೆ ಕೈಯಲ್ಲೇ ನಿಲ್ಲುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಹಿರೇಗುತ್ತಿಯ ಒಂದು ಮದುವೆಮನೆಯಿಂದ ಆಯಿಗೆ ವೀಳ್ಯ ಬಂತು. ಮನೆಯ ಹೆಂಗಸು ತಾನೇ ಬಂದಿದ್ದಳು. “ಅರಿಸಿನದ ಹಾಡಿಗೆ ನೀವೇ ಬರ್ಬೇಕು ಅಕ್ಕ, ನಿಮ್ ದನಿ ಇಲ್ದೆ ನನ್ ಮಗಳ ಮದುವೆ ಆಗೂದಿಲ್ಲ” ಎಂದಳು. ಆಯಿ ಉಬ್ಬಿಹೋದಳು. “ನನ್ ಮಗಳನ್ನೂ ಕರ್ಕಂಡು ಬತ್ತೆ. ಹುಡ್ಗಿಗೆ ಅದೇ ಅಲಂಕಾರ ಮಾಡ್ಲಿ” ಎಂದು ನನ್ನನ್ನು ಕೇಳದೆಯೇ ಒಪ್ಪಿಕೊಂಡುಬಿಟ್ಟಳು. ಹಾಡು ತನ್ನದು, ಮದುಮಗಳ ಮುಖ ಮಗಳದು. ಅವಳ ಬಹುದಿನದ ಆಸೆ ಅದು.

ಅರಿಸಿನದ ದಿನ ಬೆಳಿಗ್ಗೆ ಇಬ್ಬರೂ ಹೋದೆವು. ಅಂಗಳದ ತುಂಬ ಚಪ್ಪರ, ಜನ. ಆಯಿ ತನ್ನ ಗುಂಪಿನ ಹೆಂಗಸರ ಜೊತೆ ಚಾಪೆಯ ಮೇಲೆ ಕೂತಳು. ನಾನು ಪೆಟ್ಟಿಗೆ ಹಿಡಿದು ಒಳಗೆ ಹೋಗಲು ಜಗಲಿ ಹತ್ತಿದೆ. ಗೋಡೆಯ ಗೂಟದಲ್ಲಿ ನೀಲಿ ಹೆಲ್ಮೆಟ್ ತೂಗುತ್ತಿತ್ತು. ಹಿಂದೆ ಬಿಳಿ ಟೇಪು.

ಓಡಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಮದುಮಗಳು ಬಾಗಿಲಿಗೆ ಬಂದು “ಬನ್ನಿ ಅಕ್ಕ” ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಚಂದದ ಹುಡುಗಿ, ನಕ್ಕರೆ ಕಣ್ಣು ಮುಚ್ಚಿಹೋಗುತ್ತಿತ್ತು. ನಾನು ಅವಳ ಹಣೆಗೆ ಚುಕ್ಕಿ ಇಡುತ್ತಿದ್ದಾಗ, ಅವಳ ಅಪ್ಪ ಏನನ್ನೋ ಕೇಳಲು ಕೋಣೆಗೆ ಬಂದ. ನಾನು ತಲೆ ಎತ್ತಲಿಲ್ಲ. ಮಾತಾಡದಿದ್ದರೆ ಬದುಕಿದೆ ಎಂದುಕೊಂಡೆ. ಹುಡುಗಿಯೇ ಬಿಡಲಿಲ್ಲ. “ಅಪ್ಪಾ, ಈ ಅಕ್ಕ ಹಾಡು ಹೇಳುವವ್ರ ಮಗಳು. ಅಕ್ಕಾ, ಇನ್ನೂ ಎಷ್ಟೊತ್ತು ಬೇಕು ಹೇಳಿ ಅಪ್ಪಂಗೆ” ಎಂದಳು. “ಈಗ ಆತು” ಎಂದೆ.

ದನಿ ಗುರುತಿಸಲು ಅಷ್ಟೇ ಸಾಕಾಯಿತು. ಅವನು ನನ್ನ ಮುಖ ನೋಡಿದ, ಕನ್ನಡಿಯಲ್ಲಿ ಮಗಳ ಮುಖ ನೋಡಿದ. ಅದೇ ನೆರೆತ ಮೀಸೆ. ಹೇಳಬೇಡ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಅವನ ಕಣ್ಣೂ ಅದನ್ನೇ ಬೇಡುತ್ತಿತ್ತು. ಇಬ್ಬರೂ ಹೇಳುವವರಲ್ಲ ಎಂದು ಇಬ್ಬರಿಗೂ ಒಂದು ಮಾತಿನಲ್ಲಿ ತಿಳಿಸಿಬಿಡಬಹುದಿತ್ತು. ಆ ಒಂದು ಮಾತು ಆಡಲು ಆ ಮನೆಯಲ್ಲಿ ಜಾಗವಿರಲಿಲ್ಲ. ಅವನು ಹಿಂದೆ ಹಿಂದೆ ಸರಿದು ಹೊರಗೆ ಹೋದ.

ಹೊರಗೆ ಆಯಿ ಅರಿಸಿನದ ಹಾಡು ಎತ್ತಿದ್ದಳು. ಅವಳ ದನಿ ಜಗಲಿ ದಾಟಿ, ಒಳಕೋಣೆ ದಾಟಿ ಹಿತ್ತಲಿಗೂ ಕೇಳುವಂಥದ್ದು. ಹುಡುಗಿಯನ್ನು ಕರೆತಂದು ಮಣೆಯ ಮೇಲೆ ಕೂರಿಸಿದರು. ನಾನು ಬಾಗಿಲ ಮರೆಯಲ್ಲಿ ನಿಂತೆ. ಇದ್ದಕ್ಕಿದ್ದ ಹಾಗೆ ಚಪ್ಪರದ ಮೂಲೆಯ ದೊಡ್ಡ ಸ್ಪೀಕರಿನಿಂದ ಸಿನೆಮಾ ಹಾಡು ಸಿಡಿಯಿತು. ಖಾಲಿ ಕುರ್ಚಿಗಳ ಮುಂದೆ ನಾನು ಕುಣಿದಿದ್ದ ಹಾಡುಗಳಲ್ಲೇ ಒಂದು. ಅವನು ಸೌಂಡಿನವನ ಪಕ್ಕದಲ್ಲಿ ನಿಂತು, ಇನ್ನೂ ಜೋರು ಎಂದು ಕೈ ಮೇಲೆತ್ತುತ್ತಿದ್ದ. ಹೆಂಡತಿ ಹತ್ತಿರ ಹೋಗಿ ಏನೋ ಕೇಳಿದಳು. ಅವನು ಅವಳ ಕಿವಿಯಲ್ಲಿ ಏನೋ ಹೇಳಿ ನಮ್ಮ ಕಡೆ ನೋಡದೆ ನಿಂತ. ಅವಳ ಮುಖ ಸಣ್ಣದಾಯಿತು. ಅವಳು ಆಯಿಯ ಹತ್ತಿರ ಬಂದು ಬಗ್ಗಿ “ಅಕ್ಕಾ, ಈಗಿನ ಮಕ್ಕಳಿಗೆ ಇದೇ ಬೇಕಂತೆ. ಇವ್ರು ಹೇಳ್ತಾರೆ, ಹಾಡು ಸಾಕಂತೆ. ನೀವು ಊಟ ಮಾಡ್ಕಂಡು ಹೋಗಿ, ಬೇಜಾರು ಮಾಡ್ಕಬೇಡಿ” ಎಂದಳು. ನಮ್ಮಿಬ್ಬರನ್ನೂ ಆದಷ್ಟು ಬೇಗ ಹೊರಗೆ ಹಾಕಬೇಕಿತ್ತು ಅವನಿಗೆ, ಗಂಡಿನ ಕಡೆಯವರು ಬರುವ ಮೊದಲು. ನನಗೆ ಅದು ತಿಳಿಯಿತು. ಆಯಿಗೆ ಹೇಗೆ ತಿಳಿಯಬೇಕು?

ಎತ್ತಿದ ಹಾಡನ್ನು ನಡುವೆ ಬಿಡಬಾರದು, ಮದುಮಗಳಿಗೆ ಒಳ್ಳೆಯದಲ್ಲ. ಗುಂಪಿನ ಬೇರೆ ಹೆಂಗಸರು ಬಾಯಿ ಮುಚ್ಚಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಯಿ ಮುಚ್ಚಲಿಲ್ಲ. ಆ ಗದ್ದಲದಲ್ಲಿ ಅವಳ ದನಿ ಪಕ್ಕದವರಿಗೂ ಕೇಳುತ್ತಿರಲಿಲ್ಲ. ತುಟಿ ಆಡುವುದು, ಕುತ್ತಿಗೆಯ ನರ ಉಬ್ಬುವುದು ಮಾತ್ರ ಕಾಣುತ್ತಿತ್ತು. ಒಂದು ಸೊಲ್ಲೂ ಬಿಡದೆ ಕೊನೆಯವರೆಗೆ ಹಾಡಿದಳು. ಆಮೇಲೆ ಎದ್ದು ಸೀರೆ ಕೊಡವಿಕೊಂಡು, ಹುಡುಗಿಯ ತಲೆಯ ಮೇಲೆ ಅಕ್ಕಿಕಾಳು ಹಾಕಿ, ಮನೆಯ ಹೆಂಗಸಿನ ಮುಂದೆ ನಿಂತಳು.

“ಹೋತೆ,” ಎಂದಳು.

ಆ ಹೆಂಗಸಿನ ಬಾಯಿಂದ ‘ಬಾ’ ಎಂದು ಬರುವುದರಲ್ಲಿತ್ತು, ಬರಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. ಅವಳ ಗಂಡ ಕಂಬದ ಹಿಂದೆ ನಿಂತಿದ್ದ.

ಬಸ್ಸಿಗೆ ಕಾಯುವಾಗ ಆಯಿ ಸಿಟ್ಟು ಮಾಡಿಕೊಳ್ಳುತ್ತಾಳೆ, ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ದಿದ್ದರೆ ಎಷ್ಟೋ ಒಳ್ಳೆಯದಿತ್ತು. ಮಿರ್ಜಾನ ಹತ್ತಿರವಾಗುವವರೆಗೆ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು: “ನನ್ ದನಿ ಒಡೆದು ಹೋಗ್ಯದೆ, ಅಲ್ವಾ ಮಗಾ?”

“ಇಲ್ಲ ಆಯಿ. ಎಂತ ಮಾತು ಹೇಳ್ತೆ ನೀನು!”

“ಹೋಗ್ಯದೆ. ನಂಗೇ ಗೊತ್ತಾಗ್ಲಿಲ್ಲ. ಒಳ್ಳೆ ಮನೆಯವರು, ಸುಮ್ನೆ ಹಂಗೆ ಮಾಡೂರಲ್ಲ. ಕೇಳೂಕೆ ಆಗ್ಲಿಲ್ಲ ಅವ್ರಿಗೆ. ಯಾರೂ ಹೇಳ್ಲಿಲ್ಲ ನೋಡು. ನೀ ಆದ್ರೂ ಹೇಳ್ಬೇಕಿತ್ತು.”

ನಾನು ಆಣೆ ಮಾಡಿ ಹೇಳಿದೆ, ಚಿಕ್ಕಮ್ಮ ಹೇಳಿದಳು, ಗುಂಪಿನ ಹೆಂಗಸರು ಬಂದು ಹೇಳಿದರು. ಮಗಳು ಇನ್ನೇನು ಹೇಳೀತು ಎಂದು ಆಯಿ ನಕ್ಕುಬಿಟ್ಟಳು. ಅದಾದ ಮೇಲೆ ವೀಳ್ಯ ತಂದವರನ್ನೆಲ್ಲ ಕೂರಿಸಿ, ಬೆಲ್ಲ ನೀರು ಕೊಟ್ಟು, ದನಿ ಹೋಗಿದೆ ಎಂದು ಕೈ ಮುಗಿದು ಕಳಿಸಿದಳು. ಕೆಲವರು ಒತ್ತಾಯ ಮಾಡಿದರು. ಈಗ ಯಾರೂ ಬರುವುದಿಲ್ಲ. ವೀಳ್ಯ ಹಿಡಿದವರು ನಮ್ಮ ಅಂಗಳದಲ್ಲೇ ಹಾದು ಮುಂದೆ ಹೋಗುತ್ತಾರೆ. ಆಯಿ ಬಾಗಿಲಲ್ಲಿ ನಿಂತು ದನಿ ತಗ್ಗಿಸಿ ಅವರನ್ನು ಮಾತಾಡಿಸುತ್ತಾಳೆ.

ನನ್ನ ಗುಟ್ಟು ಗುಟ್ಟಾಗಿಯೇ ಉಳಿದಿದೆ. ಅವನು ಹೇಳಲಿಲ್ಲ, ಮುಂದೆಯೂ ಹೇಳಲಾರ. ನಾನು ಬಾಯಿಬಿಟ್ಟರೆ ಆಯಿಗೆ ದನಿ ವಾಪಸು ಸಿಗುತ್ತದೆ, ನಿನ್ನದು ಒಡೆದಿಲ್ಲ, ನನ್ನನ್ನು ಕಂಡು ಹಾಗೆ ಮಾಡಿದರು ಎಂದರೆ ಸಾಕು. ಆದರೆ ಆ ದನಿ ಸಿಕ್ಕ ಮೇಲೆ ಅವಳು ಯಾವ ಮುಖ ಹೊತ್ತು ಯಾವ ಮನೆಯಲ್ಲಿ ಹಾಡುತ್ತಾಳೆ? ಎಷ್ಟೋ ಸಲ ಹೇಳಬೇಕೆಂದು ಅಡುಗೆಮನೆಯವರೆಗೆ ಹೋಗಿದ್ದೇನೆ. ಹೆದರಿ, ಉಪ್ಪಿನ ಭರಣಿ ಎತ್ತಿ ಇಟ್ಟು ಬಂದಿದ್ದೇನೆ.

ಮೊನ್ನೆ ರಜೆ ಮುಗಿಸಿ ಹೊರಡುವಾಗ ಅಂಗಳದಿಂದಲೇ “ಬತ್ತೆ ಆಯಿ” ಎಂದೆ. ಅವಳು ಬಸಳೆ ಚಪ್ಪರದ ಅಡಿಯಲ್ಲಿ ನೀರು ಹಾಕುತ್ತಿದ್ದಳು. ತಲೆ ಎತ್ತಿ ನನ್ನನ್ನು ನೋಡಿದಳು, ಗಂಟಲು ಮುಟ್ಟಿಕೊಂಡು ಕೈ ಸನ್ನೆ ಮಾಡಿದಳು, ಮತ್ತೆ ಕೊಡ ಬಗ್ಗಿಸಿದಳು. ನಾನು ಬಸ್ಸು ಬಂದು ಹೋಗುವವರೆಗೂ ಅಲ್ಲೇ ನಿಂತಿದ್ದೆ. ಆಯಿ ‘ಬಾ’ ಅನ್ನಲಿಲ್ಲ.